ಹಾಡು ಕಟ್ಟಿದವರ ದಾರಿ: ಸಿದ್ಧಲಿಂಗಯ್ಯ ಮತ್ತು ಸ್ಯಾಮ್ ಕುಕ್

(ಕಡೂರಿನಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ನಮಗೆ ಕೊಟ್ಟಿರುವ ವಿಷಯ ‘ಹಾಡು ಮತ್ತು ಹೋರಾಟ’. ಇದು ಬಹಳ ದೊಡ್ಡ ವಿಷಯ. ದೊಡ್ಡ ವಿಷಯ ಹಿಡಿದುಕೊಂಡು ಮಾತಿಗೆ ನಿಂತರೆ ಬರೀ ದೊಡ್ಡ ದೊಡ್ಡ ಶಬ್ದ ಬರ್ತವೆ, ಕೇಳಿದವರಿಗೆ ಹೊಟ್ಟೆ ತುಂಬಲ್ಲ. ಅದಕ್ಕೇ ನಾವು ಇವತ್ತು ಇಬ್ಬರು ಮನುಷ್ಯರ ಬಗ್ಗೆ ಮಾತ್ರ ಮಾತಾಡುತ್ತೇವೆ. ಒಬ್ಬರು ನಮ್ಮವರು, ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯ. ಇನ್ನೊಬ್ಬ ದೂರದವನು, ಅಮೆರಿಕದ ಕಪ್ಪು ಹಾಡುಗಾರ ಸ್ಯಾಮ್ ಕುಕ್. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಸ್ಯಾಮ್ ಕುಕ್ ಸತ್ತಾಗ ನಮ್ಮ ಕವಿಗೆ ಇನ್ನೂ ಹತ್ತು ವರ್ಷ. ಆದರೂ ಇವರಿಬ್ಬರನ್ನು ಪಕ್ಕ ಪಕ್ಕ ಕೂರಿಸಲು ಒಂದು ಕಾರಣ ಇದೆ.

ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ನಿಮ್ಮಲ್ಲೇ ಕೆಲವರು ನಮ್ಮನ್ನು ಸುತ್ತುವರಿದು ಕೇಳಿದಿರಿ. “ಸಾರ್, ಸಿದ್ಧಲಿಂಗಯ್ಯನವರು ಸಿನಿಮಾಕ್ಕೆ ಪ್ರೇಮಗೀತೆ ಬರೆದ್ರಲ್ಲ, ವಿಧಾನ ಪರಿಷತ್ತಿಗೆ ಹೋದ್ರಲ್ಲ, ಸರ್ಕಾರಿ ಕುರ್ಚಿಯಲ್ಲಿ ಕೂತ್ರಲ್ಲ, ಅವರನ್ನ ಇನ್ನೂ ನಮ್ಮ ಕವಿ ಅಂತ ಯಾಕೆ ಹೇಳ್ಕೋಬೇಕು?” ಪ್ರಶ್ನೆ ಖಾರವಾಗಿದೆ. ಇರಲಿ. ಹಾಸ್ಟೆಲ್ಲಿನಲ್ಲಿ ಹುಟ್ಟುವ ಪ್ರಶ್ನೆಗಳು ಖಾರವಾಗೇ ಇರಬೇಕು. ಅದಕ್ಕೆ ಒಂದೇ ಮಾತಿನ ಉತ್ತರ ನಮ್ಮ ಹತ್ತಿರ ಇಲ್ಲ. ಬದುಕನ್ನು ಮುಂದಿಡುತ್ತೇವೆ, ತೂಗಿ ನೋಡುವುದು ನಿಮ್ಮ ಕೆಲಸ.

ಸಿದ್ಧಲಿಂಗಯ್ಯನವರು ಹುಟ್ಟಿದ್ದು 1954ರಲ್ಲಿ. ಅಪ್ಪ ದೇವಯ್ಯ, ಅವ್ವ ವೆಂಕಟಮ್ಮ. ಅವರ ಆತ್ಮಕಥೆ ‘ಊರುಕೇರಿ’ ನಿಮ್ಮಲ್ಲಿ ಬಹಳ ಜನ ಓದಿರಬಹುದು. ಓದದವರು ಓದಿ, ಮೂರು ಭಾಗ ಬಂದಿವೆ. ಅದರ ಮೊದಲಲ್ಲೇ ಒಂದು ನೋಟ ಬರುತ್ತದೆ. ಹೊಲದಲ್ಲಿ ಎತ್ತಿನ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಇಟ್ಟಿದ್ದಾರೆ, ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ನೋಡುತ್ತಿದ್ದ ಹುಡುಗನಿಗೆ ಮೊದಲು ಅದು ತಮಾಷೆ. ಆಮೇಲೆ ನೋಡಿದರೆ ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಇಂಥದ್ದನ್ನು ನಾವಾದರೆ ಹತ್ತು ಪುಟ ಕಣ್ಣೀರು ಸುರಿಸಿ ಬರೆಯುತ್ತಿದ್ದೆವು. ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಅಷ್ಟೇ ಅಲ್ಲ, ಆ ಪುಸ್ತಕದ ಉದ್ದಕ್ಕೂ ನಗಿಸುತ್ತಾರೆ. ಹಸಿವಿನ ಬಗ್ಗೆ ಹೇಳುತ್ತಾ ನಗಿಸುವುದು ಸಣ್ಣ ಕಸುಬಲ್ಲ. ನಮ್ಮ ಕೇರಿಯ ಮುದುಕಿಯರು ಹಾಗೇ ಮಾತಾಡುವುದು. ಅಳುವ ವಿಷಯವನ್ನು ನಗಿಸಿ ಹೇಳಿ, ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಳ್ತಾರಲ್ಲ, ಹಂಗೆ.

ಆ ಸಂಸಾರ ಹೊಟ್ಟೆಪಾಡಿಗೆ ಬೆಂಗಳೂರು ಸೇರಿತು. ಶ್ರೀರಾಮಪುರದ ಸುತ್ತಮುತ್ತಲ ಬಡವರ ಬದುಕು, ಗೋಪಾಲಪುರದ ಹಾಸ್ಟೆಲ್ಲು. ಹೌದು, ಅವರೂ ನಿಮ್ಮ ಹಾಗೆ ಹಾಸ್ಟೆಲ್ ಹುಡುಗ. ಓದಲು ಜಾಗ ಇಲ್ಲದೆ ಸ್ಮಶಾನಕ್ಕೆ ಹೋಗಿ ಕೂತು ಓದುತ್ತಿದ್ದುದನ್ನು ಅವರೇ ಬರೆದಿದ್ದಾರೆ. ಗೋರಿಗಳ ನಡುವೆ ಪುಸ್ತಕ ಹಿಡಿದು ಕೂತ ಹುಡುಗ. ಊರಿನವರಿಗೆ ದೆವ್ವದ ಭಯ, ಇವರಿಗೆ ಅದೇ ನೆಮ್ಮದಿಯ ಜಾಗ, ಯಾಕೆಂದರೆ ಅಲ್ಲಿ ಯಾರೂ ‘ನೀನು ಯಾವ ಜನ’ ಅಂತ ಕೇಳಲ್ಲ. (ಈ ಕೊನೆಯ ಮಾತು ನಮ್ಮದು, ಅವರದಲ್ಲ. ಊರೂರಲ್ಲಿ ಸ್ಮಶಾನಕ್ಕೂ ಜಾತಿ ಇರುವುದು ನಿಮಗೆ ಗೊತ್ತೇ ಇದೆ.)

ಅವರು ಕಾಲೇಜು ಹುಡುಗರಾಗಿದ್ದಾಗ ಕರ್ನಾಟಕದಲ್ಲಿ ಒಂದು ಬೆಂಕಿ ಹತ್ತಿತು. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಆ ಒಂದು ಶಬ್ದಕ್ಕೆ ಊರೆಲ್ಲ ಗಲಭೆ ಆಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಕುರ್ಚಿ ಬಿಡಬೇಕಾಯಿತು. ಆದರೆ ಆ ಗಲಾಟೆ ನಮ್ಮ ಹುಡುಗರಿಗೆ ಒಂದು ಪ್ರಶ್ನೆ ಕೊಟ್ಟು ಹೋಯಿತು: ಇದು ಬೂಸಾ ಆದರೆ ಕಾಳು ಎಲ್ಲಿದೆ? ಕಾಳನ್ನು ನಾವೇ ಬೆಳೆಯಬೇಕು ಎಂಬ ಹಟ ಹುಟ್ಟಿತು. ನೀವು ತರೀಕೆರೆ ದಾಟಿದರೆ ಭದ್ರಾವತಿ. ಅಲ್ಲಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊಫೆಸರ್ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ರೂಪ ಪಡೆಯಿತು. ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಎಲ್ಲ ಆ ಬಳಗದವರು. ದೊಡ್ಡ ಊರು ಬೆಂಗಳೂರು ಮೈಸೂರು ಮಾತ್ರ ಚಳವಳಿ ಕಟ್ಟಿದ್ದು ಅಂತ ಯಾರಾದರೂ ಹೇಳಿದರೆ, ನಮ್ಮ ಪಕ್ಕದ ಭದ್ರಾವತಿಯ ಹೆಸರು ಹೇಳಿ ಬಾಯಿ ಮುಚ್ಚಿಸಿ.

1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂತು. ಕವಿಗೆ ಇಪ್ಪತ್ತೊಂದು ವರ್ಷ. ನಿಮ್ಮಲ್ಲಿ ಬಿ.ಎ. ಕೊನೆ ವರ್ಷದವರ ವಯಸ್ಸು. ಮೊದಲು ಆ ಹೆಸರು ನೋಡಿ. ಆ ಎರಡು ಶಬ್ದ ಬೈಗುಳವಾಗಿ ಕಿವಿಗೆ ಬಿದ್ದವೇ ಹೊರತು ಪುಸ್ತಕದ ಮುಖಪುಟದ ಮೇಲೆ ಬಿದ್ದಿರಲಿಲ್ಲ. ಅಂಗಡಿ ಮುಂದೆ, ಬಾವಿ ಹತ್ತಿರ, ಜಗಳದಲ್ಲಿ ಉಗಿಯುತ್ತಿದ್ದ ಶಬ್ದವನ್ನು ಈ ಹುಡುಗ ಎತ್ತಿಕೊಂಡು ಒರೆಸಿ ಹಣೆಗಿಟ್ಟುಕೊಂಡ. ಅದರ ಪಕ್ಕಕ್ಕೆ ‘ಹಾಡು’ ಎಂದು ಬರೆದ. ಕಾವ್ಯ ಅನ್ನಲಿಲ್ಲ, ಕವಿತೆ ಅನ್ನಲಿಲ್ಲ, ಹಾಡು ಅಂದ. ನಮ್ಮ ಪ್ರಕಾರ ಇಡೀ ಚಳವಳಿಯ ಗುಟ್ಟು ಈ ಶಬ್ದದಲ್ಲಿದೆ.

ಯಾಕೆ ಅಂತ ಹೇಳುತ್ತೇವೆ. ಆ ಕಾಲದ ನವ್ಯ ಕವಿತೆ ಓದುವವನಿಗೆ ಒಂದು ಕೋಣೆ ಬೇಕು, ದೀಪ ಬೇಕು, ಅಕ್ಷರ ಬೇಕು, ಪುರುಸೊತ್ತು ಬೇಕು. ನಮ್ಮ ಅಪ್ಪಅವ್ವಂದಿರ ಹತ್ತಿರ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಹಾಡಿಗೆ ಬೇಕಾಗಿದ್ದು ಕಿವಿ, ಕೊರಳು. ಅದು ಎಲ್ಲರಿಗೂ ಇದೆ. ಸಿದ್ಧಲಿಂಗಯ್ಯನವರ ಹಾಡುಗಳ ಕಟ್ಟು ಗಮನಿಸಿ. ಸಾಲು ಗಿಡ್ಡ. ಮಾತು ಕೇರಿಯದು. ಒಂದು ಸಾಲು ಮತ್ತೆ ಮತ್ತೆ ತಿರುಗಿ ಬರುತ್ತದೆ. ಮುಂದೆ ಒಬ್ಬ ಹೇಳಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಮೊದಲ ಸಲ ಕೇಳಿದವನು ಎರಡನೇ ಸಲಕ್ಕೆ ಜೊತೆಗೆ ಹಾಡುತ್ತಾನೆ. ಓದು ಬರದವನೂ ಅಷ್ಟೇ. ಸೋಬಾನೆ, ಭಜನೆ, ಕೋಲಾಟ ಎಲ್ಲ ಹೀಗೇ ತಾನೆ ನಡೆಯುವುದು? ಹೊಸದು ಏನಪ್ಪ ಅಂದರೆ ಒಳಗಿನ ಮಾಲು. ದೇವರನ್ನು ಕರೆಯುವ ಮಟ್ಟಿನಲ್ಲಿ ಕೂಲಿ ಕೇಳುವ ಮಾತು.

ಈ ಹಾಡುಗಳು ಪುಸ್ತಕದ ಅಂಗಡಿಯಿಂದ ಊರು ಮುಟ್ಟಲಿಲ್ಲ. ಕೈಬರಹದಲ್ಲಿ, ಸೈಕ್ಲೋಸ್ಟೈಲ್ ಹಾಳೆಯಲ್ಲಿ, ಬಾಯಿಂದ ಬಾಯಿಗೆ ಹೋದವು. ಜಾಥಾ ಹೊರಟ ಹುಡುಗರು ಒಂದು ತಮಟೆ ಹಿಡಿದು ಹಟ್ಟಿಯಿಂದ ಹಟ್ಟಿಗೆ ನಡೆದರು. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಇಂಥವರ ಕೊರಳು ಹೋರಾಟದ ಹಾಡುಗಳಿಗೆ ರೆಕ್ಕೆ ಕಟ್ಟಿತು. ಕೋಟಿಗಾನಹಳ್ಳಿ ರಾಮಯ್ಯನವರಂಥವರು ಹೊಸ ಹಾಡು ಕಟ್ಟಿದರು. ಬರೆದವರು ಯಾರು, ಮಟ್ಟು ಹಾಕಿದವರು ಯಾರು, ಹಾಡಿದವರು ಯಾರು ಎಂಬ ಲೆಕ್ಕ ಇಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ತಮಟೆಯ ಮಾತು ಬಂತು, ಇದೊಂದು ಹೇಳಿಬಿಡುತ್ತೇವೆ. ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುವ ಸೀಮೆ ನಮ್ಮದು. ನಮ್ಮ ಊರೂರಲ್ಲೂ ಅಮ್ಮನ ಹಬ್ಬ ಇದೆ. ಹಬ್ಬಕ್ಕೆ ತಮಟೆ ಯಾರದು? ನಮ್ಮದು. ತಮಟೆ ಇಲ್ಲದೆ ದೇವರು ಎದ್ದು ಹೊರಡಲ್ಲ. ಆದರೆ ಬಡಿದವನು ಎಲ್ಲಿ ನಿಲ್ಲಬೇಕು? ಹೊರಗೆ. ಸಾವಿಗೂ ನಮ್ಮ ತಮಟೆ, ಸಾರು ಹಾಕುವುದಕ್ಕೂ ನಮ್ಮ ತಮಟೆ. ಹಾಗಾಗಿ ಓದಿದ ಹುಡುಗರು ಎಷ್ಟೋ ಜನ ತಮಟೆ ಮುಟ್ಟುವುದೇ ಅವಮಾನ ಅಂದುಕೊಂಡರು. ಅದರಲ್ಲಿ ತಪ್ಪೇನಿಲ್ಲ. ಬಿಟ್ಟಿ ಚಾಕರಿಯ ತಮಟೆ ಬಿಡಲೇಬೇಕಿತ್ತು. ಜಾಥಾದ ಹುಡುಗರು ಮಾಡಿದ ಕೆಲಸ ಏನೆಂದರೆ, ಅದೇ ಚರ್ಮವನ್ನು ತಮ್ಮ ಹಾಡಿಗೆ ಬಡಿದರು. ಸಿದ್ಧಲಿಂಗಯ್ಯನವರು ಆಮೇಲೆ ಪಿಎಚ್.ಡಿ.ಗೆ ಗ್ರಾಮದೇವತೆಗಳನ್ನೇ ವಿಷಯವಾಗಿ ತೆಗೆದುಕೊಂಡರು. ನಾಸ್ತಿಕನಂತೆ ಗುಡುಗಿದ ಕವಿಗೆ ಮಾರಮ್ಮನ ಮೇಲೆ ಏನು ಪ್ರೀತಿ ಅಂತ ಕೆಲವರು ಗೇಲಿ ಮಾಡಿದರು. ನಮಗೆ ಅದು ಗೇಲಿಯ ವಿಷಯವಲ್ಲ. ಮಾಂಸ ತಿನ್ನುವ, ಬೈದರೂ ಸುಮ್ಮನಿರುವ, ನಮ್ಮ ಜೊತೆ ಬಯಲಲ್ಲಿ ಕೂರುವ ದೇವರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳುವುದೂ ಒಂದು ಹೋರಾಟವೇ.

ಈಗ ಸ್ಯಾಮ್ ಕುಕ್.

ಅಮೆರಿಕದ ಕಪ್ಪು ಜನರ ಒಂದು ಬಗೆಯ ಸಂಗೀತಕ್ಕೆ ‘ಸೋಲ್’ ಅನ್ನುತ್ತಾರೆ. ಕನ್ನಡದ ಕಿವಿಗೆ ‘ಸೋಲು’ ಅಂದ ಹಾಗೆ ಕೇಳಿಸುತ್ತದೆ. ಅದು ಸೋಲಲ್ಲ, ಆತ್ಮ. ನಾಯಿಗೂ ಆತ್ಮ ಉಂಟು ಎನ್ನುತ್ತಿದ್ದ ನಾಡಿನಲ್ಲಿ ಕಪ್ಪು ಮನುಷ್ಯನಿಗೆ ಆತ್ಮ ಉಂಟೋ ಇಲ್ಲವೋ ಎಂದು ಬಿಳಿಯರು ವಾದ ಮಾಡಿದ್ದರು. ಅಂಥ ಕಡೆ ತಮ್ಮ ಹಾಡಿಗೆ ಆತ್ಮ ಎಂದು ಹೆಸರಿಡುವುದು, ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟಷ್ಟೇ ಗಟ್ಟಿ ಕೆಲಸ. ಈ ಸಂಗೀತದ ಬೇರು ಕಪ್ಪು ಜನರ ಚರ್ಚು. ಗುಲಾಮರ ಮಕ್ಕಳು ಮೊಮ್ಮಕ್ಕಳು ಭಾನುವಾರ ಸೇರಿ ಹಾಡುತ್ತಿದ್ದ ದೇವರ ಹಾಡು, ಗಾಸ್ಪೆಲ್. ಮುಂದೆ ಒಬ್ಬ ಎತ್ತುತ್ತಾನೆ, ಹಿಂದೆ ಮೇಳ ಉತ್ತರ ಕೊಡುತ್ತದೆ. ನಮ್ಮ ಭಜನೆ ಹಾಗೇ. ಅದೇ ಮಟ್ಟಿಗೆ ದೇವರನ್ನು ತೆಗೆದು ಹುಡುಗ ಹುಡುಗಿಯ ಪ್ರೀತಿ ಇಟ್ಟರೆ, ಲೋಕದ ನೋವು ಇಟ್ಟರೆ, ಅದು ಸೋಲ್. ಈ ಅದಲು ಬದಲು ಮಾಡಿದ ಮೊದಲಿಗರಲ್ಲಿ ಸ್ಯಾಮ್ ಕುಕ್ ಒಬ್ಬ.

1931ರ ಜನವರಿ 22ರಂದು ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲಿನಲ್ಲಿ ಹುಟ್ಟಿದ. ಹತ್ತಿ ಬೆಳೆಯುವ ಸೀಮೆ, ಕಪ್ಪು ಜನ ಜೀತದ ಹಾಗೆ ದುಡಿಯುವ ಸೀಮೆ. ಅಪ್ಪ ಚರ್ಚಿನ ಬೋಧಕ. ಹುಡುಗನಿಗೆ ಎರಡು ವರ್ಷ ಇದ್ದಾಗ ಸಂಸಾರ ಶಿಕಾಗೋ ಸೇರಿತು. ಮಂಚನಬೆಲೆಯಿಂದ ಶ್ರೀರಾಮಪುರಕ್ಕೆ ಬಂದ ಹಾಗೆ ಅಂದುಕೊಳ್ಳಿ. ಅಣ್ಣತಮ್ಮ ಅಕ್ಕತಂಗಿಯರ ಜೊತೆ ಚರ್ಚಿನಲ್ಲಿ ಹಾಡುತ್ತಾ ಬೆಳೆದ. 1950ರ ಕೊನೆಯಲ್ಲಿ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ‘ಸೋಲ್ ಸ್ಟಿರರ್ಸ್’ ಎಂಬ ಹೆಸರಾಂತ ಗಾಸ್ಪೆಲ್ ಮೇಳಕ್ಕೆ ಮುಖ್ಯ ಹಾಡುಗಾರನಾದ. ಚರ್ಚುಗಳಲ್ಲಿ ಇವನ ಧ್ವನಿ ಕೇಳಲು ಜನ ಮುಗಿಬೀಳುತ್ತಿದ್ದರು. ಕಿರುಚುವ ಧ್ವನಿಯಲ್ಲ ಅದು. ರೇಷ್ಮೆಯ ಹಾಗೆ ಜಾರುವ ಧ್ವನಿ.

ಆಮೇಲೆ ಇವನು ಚರ್ಚಿನ ಹೊಸಿಲು ದಾಟಿದ. 1956ರಲ್ಲಿ ಬೇರೆ ಹೆಸರು ಇಟ್ಟುಕೊಂಡು ಒಂದು ಲೌಕಿಕ ಹಾಡು ಹಾಡಿದ. ಹೆಸರು ಮುಚ್ಚಿಟ್ಟರೂ ಧ್ವನಿ ಮುಚ್ಚಿಡಲು ಆಗುತ್ತದೆಯೇ? ಎಲ್ಲರಿಗೂ ಗೊತ್ತಾಯಿತು. ಚರ್ಚಿನ ಜನ ಸಿಟ್ಟಾದರು. ದೇವರಿಗೆ ಕೊಟ್ಟ ಕೊರಳನ್ನು ಪೇಟೆಗೆ ಮಾರಿದ ಅಂದರು. 1957ರಲ್ಲಿ ‘ಯೂ ಸೆಂಡ್ ಮಿ’ ಎಂಬ ಸಾದಾ ಪ್ರೇಮಗೀತೆ ಬಂತು. ಬಹಳ ಸಾದಾ, ಅದರಲ್ಲಿ ಕ್ರಾಂತಿ ಗಿಂತಿ ಏನೂ ಇಲ್ಲ. ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಬಿಳಿಯರ ಮನೆಯ ಹುಡುಗಿಯರೂ ಆ ತಟ್ಟೆ ಕೊಂಡು ಹಾಕಿಕೊಂಡರು. ಕಪ್ಪು ಮನುಷ್ಯ ಹಿಂದಿನ ಬಾಗಿಲಿನಿಂದಲೂ ಬರಬಾರದು ಎನ್ನುವ ಮನೆಗಳ ಪಡಸಾಲೆಗೆ ಅವನ ದನಿ ಮುಂಬಾಗಿಲಿನಿಂದ ಹೋಯಿತು.

ಈಗ ನಿಮ್ಮ ಪ್ರಶ್ನೆಯನ್ನು ನೆನಪು ಮಾಡಿಕೊಳ್ಳಿ. ಪ್ರೇಮಗೀತೆ ಬರೆದವನು ನಮ್ಮವನೇ?

ಇವನು ಆ ಪ್ರೇಮಗೀತೆಯ ದುಡ್ಡಿನಿಂದ ಏನು ಮಾಡಿದ ನೋಡಿ. ಆ ಕಾಲದಲ್ಲಿ ಕಪ್ಪು ಹಾಡುಗಾರರು ಹಾಡು ಕಟ್ಟಿ, ಹಾಡಿ, ಒಂದಿಷ್ಟು ಹಣವೋ ಒಂದು ಕಾರೋ ಪಡೆದು ಸಹಿ ಹಾಕಿ ಬರುತ್ತಿದ್ದರು. ಹಾಡಿನ ಹಕ್ಕು ಕಂಪನಿಯದು. ಹಾಡು ಲಕ್ಷಗಟ್ಟಲೆ ದುಡಿಯುತ್ತಿತ್ತು, ಕಟ್ಟಿದವನು ಬಾಡಿಗೆ ಮನೆಯಲ್ಲಿ ಸಾಯುತ್ತಿದ್ದ. ಉಳುವವನೊಬ್ಬ, ಹೊಲ ಇನ್ನೊಬ್ಬನದು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಯಾಮ್ ಕುಕ್ ಅದನ್ನು ಬೇಗ ಅರ್ಥ ಮಾಡಿಕೊಂಡ. ಜೆ. ಡಬ್ಲ್ಯೂ. ಅಲೆಕ್ಸಾಂಡರ್ ಎಂಬ ಹಿರಿಯ ಗಾಸ್ಪೆಲ್ ಹಾಡುಗಾರನ ಜೊತೆ ಸೇರಿ ತನ್ನ ಹಾಡುಗಳ ಹಕ್ಕು ಇಟ್ಟುಕೊಳ್ಳಲು ‘ಕ್ಯಾಗ್ಸ್’ ಎಂಬ ಸಂಸ್ಥೆ ಕಟ್ಟಿದ, ಬೇರೆ ಕಪ್ಪು ಹುಡುಗರ ಹಾಡು ತಟ್ಟೆ ಮಾಡಲು ‘ಸಾರ್’ ಎಂಬ ಕಂಪನಿ ತೆರೆದ. ಅವನ ಪೀಳಿಗೆಯ ಕಪ್ಪು ಹಾಡುಗಾರರಲ್ಲಿ ಇಂಥ ಯೋಚನೆ ಮಾಡಿದವರು ಬೆರಳೆಣಿಕೆ. ಭೂಮಿಯ ಹೋರಾಟ ಅಂದರೆ ಎರಡು ಎಕರೆ ಮಾತ್ರ ಅಲ್ಲ ಸ್ವಾಮಿ, ಹಾಡೂ ಒಂದು ಭೂಮಿಯೇ.

ಪೇಟೆಗೆ ಹೋದ ಮೇಲೂ ಅವನ ಬೆನ್ನು ಬಾಗಲಿಲ್ಲ. ಆಗ ದಕ್ಷಿಣದ ರಾಜ್ಯಗಳಲ್ಲಿ ಸಂಗೀತ ಕೇಳಲು ಬಿಳಿಯರಿಗೆ ಒಂದು ಕಡೆ, ಕಪ್ಪು ಜನಕ್ಕೆ ಇನ್ನೊಂದು ಕಡೆ ಜಾಗ. ನಮ್ಮ ಊರಿನ ಹೋಟೆಲ್ಲಿನ ಎರಡು ಲೋಟದ ಹಾಗೆ. 1961ರಲ್ಲಿ ಮೆಂಫಿಸ್ ಊರಿನಲ್ಲಿ ಹೀಗೆ ಬೇರೆ ಬೇರೆ ಕೂರಿಸಿದ್ದಾರೆ ಎಂದು ತಿಳಿದು ಹಾಡಲು ಒಪ್ಪಲಿಲ್ಲ. ಒಂದು ಸಲ ರಸ್ತೆಯಲ್ಲಿ ಹೋಗುವಾಗ ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದ ಕೈದಿಗಳನ್ನು ಕಂಡ. ಅದರಿಂದ 1960ರ ‘ಚೈನ್ ಗ್ಯಾಂಗ್’ ಹಾಡು ಹುಟ್ಟಿತು. ಕುಣಿಯುವ ಹಾಗಿದೆ ಅದರ ತಾಳ. ಕೇಳಿದವರು ಕುಣಿದರು ಕೂಡ. ಸರಪಳಿಯ ಸದ್ದಿಗೆ ಕುಣಿಯುತ್ತಿದ್ದೇವೆ ಎಂದು ಎಷ್ಟು ಜನಕ್ಕೆ ಗೊತ್ತಾಯಿತೋ.

1963ರ ಅಕ್ಟೋಬರ್ 8. ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ಊರು. ಮೊದಲೇ ಫೋನ್ ಮಾಡಿ ಲಾಡ್ಜಿನಲ್ಲಿ ರೂಮು ಗೊತ್ತು ಮಾಡಿದ್ದರು. ಹೆಂಡತಿ, ಅಣ್ಣ ಎಲ್ಲ ಜೊತೆಗಿದ್ದಾರೆ. ಮೇಜಿನ ಹಿಂದೆ ಕೂತವನು ಮುಖ ನೋಡಿದ, ರೂಮು ಖಾಲಿ ಇಲ್ಲ ಅಂದ. ಈ ‘ಖಾಲಿ ಇಲ್ಲ’ ಎಂಬ ಶಬ್ದ ನಮಗೆ ಹೊಸದಲ್ಲ. ಬಾಡಿಗೆ ರೂಮು ಹುಡುಕಿಕೊಂಡು ಹೋದ ಯಾವ ಹುಡುಗನನ್ನಾದರೂ ಕೇಳಿ. ಹೆಸರು ಕೇಳುವ ತನಕ ಖಾಲಿ ಇರುತ್ತದೆ, ಊರಲ್ಲಿ ನಿಮ್ಮ ಮನೆ ಎಲ್ಲಿ ಅಂತ ಕೇಳಿದ ಮೇಲೆ ತುಂಬಿಬಿಡುತ್ತದೆ. ಸ್ಯಾಮ್ ಕುಕ್ ಸುಮ್ಮನೆ ಹೊರಡಲಿಲ್ಲ, ಜಗಳಕ್ಕೆ ನಿಂತ. ಆಮೇಲೆ ಹಾರನ್ ಬಾರಿಸಿಕೊಂಡು ಹೊರಟರು. ಪೊಲೀಸರು ಹಿಡಿದರು. ಕೇಸು ಏನು? ಶಾಂತಿ ಭಂಗ. ಯಾರ ಶಾಂತಿ?

ಅದೇ ವರ್ಷ ಬಾಬ್ ಡಿಲನ್ ಎಂಬ ಬಿಳಿಯ ಹುಡುಗನ ಹಾಡೊಂದು ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆ ಕೇಳುತ್ತಾ ಎಲ್ಲೆಲ್ಲೂ ಹರಡಿತ್ತು. ಇಂಥ ಹಾಡು ನಮ್ಮ ಜನ ಬರೆಯಬೇಕಿತ್ತಲ್ಲ ಎಂಬ ಚುಚ್ಚು ಸ್ಯಾಮ್ ಕುಕ್‌ಗೆ ಹತ್ತಿತು. ಆ ಚುಚ್ಚು, ಲಾಡ್ಜಿನ ಅವಮಾನ, ಅದೇ ಬೇಸಿಗೆಯಲ್ಲಿ ನೀರಿಗೆ ಬಿದ್ದು ಸತ್ತ ಎಳೆ ಮಗುವಿನ ದುಃಖ, ಎಲ್ಲ ಒಳಗೇ ಕುದಿದವು. ಹುಟ್ಟಿದ್ದು ‘ಎ ಚೇಂಜ್ ಈಸ್ ಗೊನ್ನ ಕಮ್’. ಬದಲಾವಣೆ ಬರುತ್ತದೆ ಎಂದು ಹೇಳುವ ಹಾಡು. 1964ರ ಜನವರಿ 30ರಂದು ಅದನ್ನು ದಾಖಲು ಮಾಡಿದ. ಅದರಲ್ಲಿ ಬರೀ ಭರವಸೆ ಇಲ್ಲ ಗೆಳೆಯರೆ. ಬದುಕಲು ಕಷ್ಟ, ಸಾಯಲು ಹೆದರಿಕೆ, ಮೇಲೆ ಏನಿದೆಯೋ ಗೊತ್ತಿಲ್ಲ ಎನ್ನುವ ದಿಗಿಲೂ ಇದೆ. ಚರ್ಚಿನ ಮಗ ದೇವರ ಬಗ್ಗೆಯೇ ಅನುಮಾನ ಇಟ್ಟು ಹಾಡುತ್ತಾನೆ, ಅದೂ ಚರ್ಚಿನ ಧ್ವನಿಯಲ್ಲೇ. ಇಂಥ ಹಾಡು ಘೋಷಣೆಗಿಂತ ಬಹಳ ದಿನ ಬಾಳುತ್ತದೆ.

ಆ ಫೆಬ್ರವರಿ 7ರಂದು ಟೆಲಿವಿಷನ್ನಿನಲ್ಲಿ ಅದನ್ನು ಒಮ್ಮೆ ಹಾಡಿದ. ವರ್ಷ ಮುಗಿಯುವುದರೊಳಗೆ ಅವನೇ ಮುಗಿದ. 1964ರ ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನ ಒಂದು ಅಗ್ಗದ ಮೋಟೆಲ್ಲಿನಲ್ಲಿ ಗಲಾಟೆಯಾಗಿ, ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಗುಂಡು ಹಾರಿಸಿದಳು. ಆತ್ಮರಕ್ಷಣೆ ಎಂದು ತೀರ್ಪಾಯಿತು. ಅವನ ಮನೆಯವರಿಗೆ ಆ ತೀರ್ಪಿನ ಮೇಲೆ ನಂಬಿಕೆ ಬರಲಿಲ್ಲ. ಮೂವತ್ತಮೂರು ವರ್ಷದ ಆಯುಸ್ಸು. ಆ ಸಾವಿನಲ್ಲಿ ಹುತಾತ್ಮನ ಘನತೆ ಹುಡುಕಿ ಅಂಟಿಸಲು ನಾವು ಹೋಗುವುದಿಲ್ಲ. ಸಾವು ಹಾಗಿತ್ತು, ಅಷ್ಟೇ. ಸತ್ತ ಹನ್ನೊಂದು ದಿನಕ್ಕೆ ಆ ಹಾಡು ಬಿಡಿ ತಟ್ಟೆಯಾಗಿ ಬಂತು, ಅದೂ ಇನ್ನೊಂದು ಕುಣಿತದ ಹಾಡಿನ ಹಿಂಬದಿಯಲ್ಲಿ. ರೇಡಿಯೋಗೆ ಹೊಂದಲಿ ಎಂದು ಅದರಿಂದ ಒಂದು ನುಡಿ ಕತ್ತರಿಸಿದ್ದರು. ಯಾವ ನುಡಿ ಅಂದುಕೊಂಡಿರಿ? ಸಿನಿಮಾಕ್ಕೆ, ಪೇಟೆಗೆ ಹೋದರೆ ಇಲ್ಲಿ ನಿಲ್ಲಬೇಡ ಅನ್ನುತ್ತಾರೆ ಎಂದು ಹೇಳುವ ನುಡಿ. ಇನ್ನೊಂದು ಮಾತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದ ಹಾಡುಗಳ ಹಕ್ಕು ಅವನ ಸಾವಿನ ನಂತರ ಕೊನೆಗೆ ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನ ಕಂಪನಿಗೆ ಸೇರಿತು. ಉತ್ತು ಬಿತ್ತಿ, ಪಹಣಿಯನ್ನೂ ಮಾಡಿಸಿಕೊಂಡವನ ಹೊಲವೂ ಹೀಗೆ ಕೈಬಿಟ್ಟು ಹೋಗಬಹುದು.

ಕಪ್ಪು ಜನರ ಚಳವಳಿ ಆ ಹಾಡನ್ನು ಎತ್ತಿಕೊಂಡಿತು. 2019ರಲ್ಲಿ ಶ್ರೀವ್‌ಪೋರ್ಟಿನ ಮೇಯರ್ 1963ರ ಘಟನೆಗೆ ಊರಿನ ಪರವಾಗಿ ಕ್ಷಮೆ ಕೇಳಿದರು. ಐವತ್ತಾರು ವರ್ಷದ ಮೇಲೆ. ಕೇಳಿದ ಮೇಯರೂ ಕಪ್ಪು ಮನುಷ್ಯನೇ. ಅಂದರೆ ಕ್ಷಮೆಯನ್ನೂ ನಾವೇ ಕೇಳಬೇಕು ನೋಡಿ.

ಇನ್ನು ನಮ್ಮ ಕವಿಗೆ ಬರೋಣ. 1979ರಲ್ಲಿ ‘ಸಾವಿರಾರು ನದಿಗಳು’ ಬಂತು. ಆಮೇಲೆ ‘ಕಪ್ಪು ಕಾಡಿನ ಹಾಡು’. ‘ಪಂಚಮ’, ‘ನೆಲಸಮ’, ‘ಏಕಲವ್ಯ’ ನಾಟಕಗಳು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಮೇಷ್ಟ್ರಾದರು. 1983ರಲ್ಲಿ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಸಿನಿಮಾಕ್ಕೆ ಹಾಡು ಬರೆದರು. 1993ರ ‘ಬಾ ನಲ್ಲೆ ಮಧುಚಂದ್ರಕೆ’ ಸಿನಿಮಾದಲ್ಲಿ ಹಂಸಲೇಖ ಅವರ ಸಂಗೀತಕ್ಕೆ ಅವರು ಬರೆದ ಬೆಟ್ಟ, ಬೆಳದಿಂಗಳ ಹಾಡನ್ನು ನಿಮ್ಮಲ್ಲಿ ಗುನುಗದವರು ಯಾರೂ ಇಲ್ಲ, ಬರೆದವರು ಯಾರು ಎಂದು ಗೊತ್ತಿಲ್ಲದೆಯೇ ಗುನುಗಿದ್ದೀರಿ. (‘ಬಂಗಾರದ ಮನುಷ್ಯ’ ಮಾಡಿದ ನಿರ್ದೇಶಕ ಸಿದ್ದಲಿಂಗಯ್ಯ ಬೇರೆಯವರು. ಪ್ರತಿ ಸಭೆಯಲ್ಲೂ ಯಾರಾದರೂ ಒಬ್ಬರು ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿದ್ದು.)

ಹೊಲೆಮಾದಿಗರ ಹಾಡು ಬರೆದ ಕೈ ಬೆಳದಿಂಗಳ ಬಗ್ಗೆ ಬರೆಯಬಾರದೆ? ಇಲ್ಲಿ ನಾವು ನಿಮ್ಮ ಜೊತೆ ಜಗಳ ಆಡುತ್ತೇವೆ. ಬೆಳದಿಂಗಳು ಯಾರ ಜಹಗೀರು? ಪ್ರೀತಿ ಮಾಡಿದ್ದಕ್ಕೆ ನಮ್ಮ ಹುಡುಗರನ್ನು ಕಡಿದು ಹಾಕುವ ದೇಶ ಇದು. ಅಂಥ ಕಡೆ ಕೇರಿಯ ಹುಡುಗನೊಬ್ಬ ಬರೆದ ಪ್ರೇಮಗೀತೆಯನ್ನು ಊರಿನ ಎಲ್ಲ ಬೀದಿಯ ಮದುವೆ ಮನೆಯಲ್ಲೂ ಹಾಕುತ್ತಾರೆ ಅಂದರೆ, ಶಿಕಾಗೋದ ಹುಡುಗನ ದನಿ ಬಿಳಿಯರ ಪಡಸಾಲೆಗೆ ಹೋದ ಹಾಗೇ ಅದು. ಹೋರಾಟಗಾರ ಅಂದರೆ ಇಪ್ಪತ್ತನಾಲ್ಕು ಗಂಟೆ ಮುಷ್ಟಿ ಬಿಗಿ ಹಿಡಿದೇ ನಿಲ್ಲಬೇಕು ಅನ್ನುವುದು ನಮ್ಮ ಮೇಲೆ ಬೇರೆಯವರು ಹೊರಿಸಿದ ಇನ್ನೊಂದು ನೊಗ. ನೋವು ಮಾತ್ರ ಬರಿ, ಮಿಕ್ಕಿದ್ದು ನಾವು ಬರೀತೀವಿ ಅನ್ನುವವರ ಮಾತು ಕೇಳಬೇಡಿ.

ಆದರೆ ವಿಧಾನ ಪರಿಷತ್ತಿನ ಮಾತು ಬೇರೆ. 1988ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೆ ಅವರು ಪರಿಷತ್ತಿಗೆ ಹೋದರು. ಎರಡು ಅವಧಿ ಇದ್ದರು. ಆಮೇಲೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಪುಸ್ತಕ ಪ್ರಾಧಿಕಾರದ ಅಧ್ಯಕ್ಷಗಿರಿ. 2015ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಬೂಸಾ ಗಲಾಟೆಯ ಕಾಲದ ಹುಡುಗ ಸಮ್ಮೇಳನದ ಮೆರವಣಿಗೆಯ ರಥ ಏರಿದ್ದು ನಮಗೆ ಖುಷಿಯೇ. ಆದರೆ ಆಳುವವರು ಯಾರೇ ಇರಲಿ, ಎಲ್ಲರ ಜೊತೆಗೂ ಅವರಿಗೆ ಸಲಿಗೆ ಇತ್ತು. ಬಿಗಿಯಾದ ಪ್ರಶ್ನೆ ಬಂದಾಗ ಒಂದು ಜೋಕು ಹೇಳಿ ಸಭೆಯನ್ನೆಲ್ಲ ನಗಿಸಿ ಜಾರಿಕೊಳ್ಳುತ್ತಿದ್ದರು. ಆತ್ಮಕಥೆಯಲ್ಲಿ ಆಯುಧವಾಗಿದ್ದ ನಗೆ ಇಲ್ಲಿ ಗುರಾಣಿಯಾಯಿತು. ಆಮೇಲಿನ ಕವಿತೆಗಳಲ್ಲಿ ಮೊದಲ ಎರಡು ಸಂಕಲನದ ಕಾವು ಇಲ್ಲ. ಇದನ್ನು ಗೌರವದಿಂದಲೇ ಹೇಳುತ್ತಿದ್ದೇವೆ, ಮುಚ್ಚಿಟ್ಟುಕೊಂಡು ಹೇಳುತ್ತಿಲ್ಲ. ನಮ್ಮಲ್ಲಿ ಕೆಲವರು ‘ಮಾರಿಕೊಂಡರು’ ಎಂಬ ಶಬ್ದ ಬಳಸುತ್ತಾರೆ. ನಾವು ಬಳಸುವುದಿಲ್ಲ. ಮಾರಿಕೊಂಡವನ ಹಾಡು ಬೀದಿಯಲ್ಲಿ ಉಳಿಯುವುದಿಲ್ಲ. ಇವರ ಹಾಡು ಉಳಿದಿದೆ. ಮನುಷ್ಯ ಒಂದು ಕಡೆ ನಿಂತ, ಹಾಡು ಮುಂದಕ್ಕೆ ನಡೆಯಿತು ಅಂತ ಹೇಳಬಹುದು. ಅಷ್ಟರಲ್ಲೇ ಕೋಪವೂ ಇದೆ, ಪ್ರೀತಿಯೂ ಇದೆ.

2021ರ ಜೂನ್ 11ರಂದು ಕೊರೋನಾ ಅವರನ್ನು ಕೊಂಡೊಯ್ದಿತು. ಅರವತ್ತೇಳು ವರ್ಷ. ಲಾಕ್‌ಡೌನ್ ಕಾಲ. ಬೇರೆ ದಿನವಾಗಿದ್ದರೆ ಸಾವಿರ ತಮಟೆ ಬಡಿದು ಕಳಿಸಬೇಕಾಗಿದ್ದವರನ್ನು ನಾವು ಫೋನಿನ ಪರದೆಯಲ್ಲಿ ನೋಡಿ ಕಳಿಸಿಕೊಟ್ಟೆವು. ಮಾರನೇ ವರ್ಷ ಪದ್ಮಶ್ರೀ ಕೊಟ್ಟರು.

ಗೆಳೆಯರೆ, ಮಾತು ಉದ್ದವಾಯಿತು. ಎರಡು ಕೆಲಸದ ಮಾತು ಹೇಳಿ ನಿಲ್ಲಿಸುತ್ತೇವೆ. ನಿಮ್ಮಲ್ಲಿ ಹಾಡುವವರಿದ್ದೀರಿ, ಕಟ್ಟುವವರೂ ಇದ್ದೀರಿ. ತರೀಕೆರೆ ಕಡೆಯ ಒಬ್ಬ ತಂಗಿ ಒಂದು ನೋಟುಪುಸ್ತಕ ತಂದು ತೋರಿಸಿದಳು, ಹದಿನಾರು ಹಾಡು ಇದ್ದವು, ಹಾಸ್ಟೆಲ್ಲಿನ ಅಡುಗೆಯವರ ಮೇಲೆ ಕಟ್ಟಿದ್ದೂ ಒಂದು ಇತ್ತು. ಅಡುಗೆ ಮಾಡುವ ಅಕ್ಕನ ಸಂಬಳದ ಬಗ್ಗೆ ಅಷ್ಟು ಚೆನ್ನಾಗಿ ಯಾರೂ ಬರೆದದ್ದು ನಾವು ನೋಡಿಲ್ಲ. ಮೊಬೈಲಿನಲ್ಲಿ ಹಾಡು ಹಾಕುವ ಚಾನೆಲ್ಲಿನವರು ಬಂದು ಕೇಳಿದರೆ, ಕಾಗದ ಓದದೆ ಸಹಿ ಹಾಕಬೇಡಿ. ಹಾಡು ನಿಮ್ಮದು ಎಂದು ಮೊದಲು ನಿಮ್ಮ ಹೆಸರು ಹಾಕಿ, ತಾರೀಖು ಹಾಕಿ ಬರೆದಿಡಿ. ಎರಡನೆಯದು, ಇನ್ನು ಮೇಲೆ ಸಭೆಯಲ್ಲಿ ಹಾಡುವಾಗ ಕಟ್ಟಿದವರ ಹೆಸರು ಹೇಳಿ ಹಾಡಿ. ಗೊತ್ತಿಲ್ಲದಿದ್ದರೆ ಯಾರಿಂದ ಕಲಿತಿರಿ ಅವರ ಹೆಸರು ಹೇಳಿ.

ಹೊರಗೆ ಬೆಂಕಿ ಹಾಕಿ ತಮಟೆ ಕಾಯಿಸ್ತಾ ಇದ್ದಾರೆ, ಸದ್ದು ಏರ್ತಾ ಇದೆ. ಬೀರೂರು ಕಡೆ ಹೋಗುವವರಿಗೆ ಬಸ್ಸಿನ ಹೊತ್ತಾಗುತ್ತದೆ. ಅಷ್ಟರಲ್ಲಿ ನಾಲ್ಕು ಹಾಡಾದರೂ ಆಗಲಿ. ಮೊದಲನೆಯದು ನಲವತ್ತೇಳರ ಸ್ವಾತಂತ್ರ್ಯವನ್ನು ಪ್ರಶ್ನೆ ಮಾಡುವ ಹಾಡು, ಕಟ್ಟಿದವರು ಸಿದ್ಧಲಿಂಗಯ್ಯ. ಅಜ್ಜಂಪುರದ ಹುಡುಗರು ಎತ್ತಿಕೊಡ್ತಾರೆ. ನಾವು ಹಿಂದೆ ಹೇಳ್ತೀವಿ.